ಕಂಬಂ ಕಣಿವೆಯ ಕಾಡುಹಂದಿ ಮತ್ತು ಒಂದೇ ಈಡಿನ ಕೋವಿ

ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ಇಂದಿಗೂ ಮನೆಮಾತಾಗಿ ಕನ್ನಡವನ್ನಾಡುವ ಕಾಪ್ಪಿಲಿಯರು ಹಾಗೂ ಒಕ್ಕಲಿಗರಲ್ಲಿ ಅನೇಕರಿಗೆ ಬೇಸಾಯವೇ ಬದುಕು. 1895ರಲ್ಲಿ ಪೆರಿಯಾರ್ ಅಣೆಕಟ್ಟು ಪೂರ್ಣಗೊಂಡ ಬಳಿಕ ಕಂಬಂ ಕಣಿವೆ ನೀರುಂಡು ಹಸಿರಾಯಿತು. ಆದರೆ ಬೆಟ್ಟದಿಂದಿಳಿಯುವ ಕಾಡುಹಂದಿಗಳ ಹಿಂಡು ಬೆಳೆದು ನಿಂತ ಶೇಂಗಾ, ಮೆಕ್ಕೆಜೋಳದ ಹೊಲವನ್ನು ಒಂದೇ ರಾತ್ರಿಯಲ್ಲಿ ಉತ್ತಂತೆ ಮಾಡಿಬಿಡುತ್ತದೆ.

ಹಿಂದೆ ಇದಕ್ಕೆ ಉತ್ತರ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಸೀಸದ ಗುಂಡಿಳಿಸಿ, ಗಜದಿಂದ ಜಡಿದು, ಕೊನೆಗೆ ಕೇಪು ಇಡಬೇಕು. ದೊರೆಯುವುದು ಒಂದೇ ಈಡು. ಬಲಿತ ಗಂಡುಹಂದಿ ನೂರು ಕಿಲೋ ಮೀರಬಲ್ಲದು. ಅದರ ಹೆಗಲ ಚರ್ಮ ಬಹಳ ದಪ್ಪ. ಗುಂಡು ತಪ್ಪಿ ಗಾಯವಷ್ಟೇ ಆದರೆ, ಮತ್ತೆ ಮದ್ದು ತುಂಬುವಷ್ಟರಲ್ಲಿ ಅದು ಕೋರೆ ಮುಂದುಮಾಡಿ ಮೇಲೆರಗಬಹುದು. ಕತ್ತಲಲ್ಲಿ ಪೊದೆ ಅಲುಗಿದೆಡೆಗೆ ಹಾರಿದ ಗುಂಡು ಕಾವಲಿದ್ದ ಮನುಷ್ಯನಿಗೇ ತಗಲುವ ಭಯವೂ ಉಂಟು.

ಈಗ ಕಾನೂನು ಬೇರೆ. ಕೇಪಿನ ಕೋವಿಗೂ ಪರವಾನಗಿ ಬೇಕು. ಪರವಾನಗಿಯಿದ್ದ ಮಾತ್ರಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಒಪ್ಪುವುದಿಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಮೂರು ವಲಯಗಳನ್ನು ಗೊತ್ತುಮಾಡಿತು. ಮೀಸಲು ಅರಣ್ಯದಿಂದ 1 ಕಿ.ಮೀ. ವರೆಗೆ ಗುಂಡು ಹಾರಿಸುವಂತಿಲ್ಲ. 1ರಿಂದ 3 ಕಿ.ಮೀ. ನಡುವೆ ಹಿಡಿದು ಕಾಡಿಗೆ ಬಿಡಬೇಕು; ಅದರಾಚೆ ಅರಣ್ಯ ಸಿಬ್ಬಂದಿಯೇ ಕೊಲ್ಲಬಹುದು.

ಬೆಟ್ಟದ ಬುಡದ ಹೊಲಗಳು ಮಾತ್ರ ಹಂದಿಗೆ ಹತ್ತಿರ, ಈ ಪರಿಹಾರಕ್ಕೆ ದೂರ. ಅಲ್ಲಿನ ರೈತನಿಗೆ ಉಳಿದಿರುವುದು ಬೇಲಿ, ಬೆಳಕು ಮತ್ತು ನಿದ್ದೆಗೆಟ್ಟ ಕಾವಲು.