ಬಾಟಲಿಯೇ ಊಟವೇ?

ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದವರು ‘ಗ್ಲೂಕೋಸ್ ಹಾಕಿದ್ದಾರಲ್ಲ, ಊಟದ ಚಿಂತೆಯಿಲ್ಲ’ ಎನ್ನುವುದುಂಟು. ಲೆಕ್ಕ ಹಾಕಿ ನೋಡೋಣ. ಶೇ. 5ರ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್. ಅದರ ಶಕ್ತಿ 100 ಕಿಲೊಕ್ಯಾಲರಿಯನ್ನು ಮೀರದು. ಹೆಚ್ಚೆಂದರೆ ಎರಡು ಇಡ್ಲಿಯಷ್ಟು! 50 ಕಿಲೊ ತೂಕದ ರೋಗಿಗೆ ಸಾಮಾನ್ಯವಾಗಿ ದಿನಕ್ಕೆ 1250ರಿಂದ 1500 ಬೇಕು. ಪ್ರೋಟೀನಂತೂ ಬಾಟಲಿಯಲ್ಲಿ ಸೊನ್ನೆ. ಗಾಯ ಮಾಯಲು ಅದು ಬೇಕೇ ಬೇಕು; ಸಿಗದಿದ್ದರೆ ದೇಹ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ.

ನುಂಗಲಾಗದವರಿಗೆ ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸಿ ದ್ರವಾಹಾರ ಕೊಡುತ್ತಾರೆ. ಕರುಳು ಕೆಲಸ ಮಾಡುತ್ತಿದ್ದರೆ ರಕ್ತನಾಳದ ದಾರಿಗಿಂತ ಇದೇ ಮೇಲು. ನಳಿಕೆ ಕಂಡೊಡನೆ ‘ಇನ್ನು ಮುಗಿಯಿತು’ ಎಂದು ಅಳಬೇಕಾಗಿಲ್ಲ. ಹೆದರಬೇಕಾದದ್ದು ಬೇರೆಯೇ ಇದೆ: ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಬಂಧುಗಳು ಪ್ರೀತಿಯಿಂದ ಹಾಕುವ ಗಂಜಿ ಶ್ವಾಸಕೋಶಕ್ಕೆ ಇಳಿದೀತು.