ಚೀನೀ ಷೇರು: ಕೊಂಡವನಿಗೆ ದಕ್ಕುವುದೇನು?

2014ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆಯನ್ನು ಪ್ರವೇಶಿಸಿದ ಅಲಿಬಾಬಾ ಸಂಸ್ಥೆಯ ಷೇರನ್ನು 68 ಡಾಲರಿನ ಆರಂಭಿಕ ನೀಡಿಕೆಯ ಬೆಲೆಗೆ ಪಡೆದ ಸಾಮಾನ್ಯ ಹೂಡಿಕೆದಾರನು, ಹಾಂಗ್‌ಝೌ ನಗರದ ಆ ಮಹಾವಾಣಿಜ್ಯಕ್ಕೆ ತಾನೂ ಒಡೆಯನಾದೆನೆಂದು ಭಾವಿಸಿದ್ದರೆ ಅದು ಸಹಜವೇ; ಆದರೆ ವಸ್ತುತಃ ಅವನಿಗೆ ದೊರೆತದ್ದು ಕೇಮನ್ ದ್ವೀಪಗಳಲ್ಲಿ ನೋಂದಣಿಗೊಂಡ ಕಂಪನಿಯೊಂದರ ಪಾಲು. ಅಂತರ್ಜಾಲವೇ ಮೊದಲಾದ ಕೆಲವು ಉದ್ಯಮಗಳಲ್ಲಿ ವಿದೇಶೀಯರ ಒಡೆತನವನ್ನು ಚೀನದ ಕಾನೂನು ನಿರ್ಬಂಧಿಸಿರುವುದರಿಂದ, ಅಲ್ಲಿನ ಪರವಾನಗಿಯುಳ್ಳ ಘಟಕಗಳು ಚೀನೀಯರ ಹೆಸರಿನಲ್ಲಿಯೇ ಉಳಿದು, ಅವುಗಳ ಲಾಭವು ಕೇವಲ ಕರಾರುಪತ್ರಗಳ ಮೂಲಕ ಹೊರಗಿನ ಕಂಪನಿಗೆ ಸಲ್ಲುತ್ತದೆ. ಆ ಕರಾರು ಮುರಿದುಬಿದ್ದರೆ ನ್ಯಾಯವನ್ನು ಅರಸಬೇಕಾದುದೂ ಚೀನದ ಕಾನೂನಿನಡಿಯಲ್ಲಿಯೇ. ಈ ಸೂಕ್ಷ್ಮವನ್ನರಿಯದೆ, ಬೆಲೆಯ ಏರಿಳಿತವನ್ನಷ್ಟೇ ನೋಡಿ ಉಳಿತಾಯದ ಹಣವನ್ನು ತೊಡಗಿಸುವುದು ವಿವೇಕವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕರಾರಿನ ಅಪಾಯವಷ್ಟೇ ಅಲ್ಲ, ಸರ್ಕಾರದ ಒಂದು ನಿಯಮವೂ ಹೂಡಿಕೆಯನ್ನು ಕರಗಿಸಬಲ್ಲದು: 2021ರ ಜುಲೈನಲ್ಲಿ, ಶಾಲಾವಿಷಯಗಳ ಟ್ಯೂಷನ್ ಸಂಸ್ಥೆಗಳು ಇನ್ನು ಲಾಭಾಪೇಕ್ಷೆಯಿಲ್ಲದೆ ನಡೆಯತಕ್ಕದ್ದೆಂಬ ಚೀನೀ ಸರ್ಕಾರದ ನಿಯಮದ ವಾರ್ತೆ ಹಬ್ಬಿದೊಡನೆ, ಟಿಎಎಲ್ ಎಂಬ ಚೀನೀ ಟ್ಯೂಷನ್ ಸಂಸ್ಥೆಯ ಷೇರು ನ್ಯೂಯಾರ್ಕಿನಲ್ಲಿ ಒಂದೇ ದಿನದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮೌಲ್ಯವನ್ನು ಕಳೆದುಕೊಂಡಿತು.