ಹೊಳೆಯ ಲೆಕ್ಕವೂ ಬಗೆಬಗೆಯ ಯಂತ್ರಗಳೂ

ವಿಜಯನಗರ ಕಾಲದ ಶಾಸನಗಳಲ್ಲಿ ಶಕವರ್ಷವನ್ನು ಅಂಕಿಗಳಿಂದ ಸೂಚಿಸದೆ ಪದಗಳಿಂದ ಸೂಚಿಸುವ ಪದ್ಧತಿಯೊಂದುಂಟು. ನಾಗವೆಂದರೆ 8, ಬಾಣವೆಂದರೆ 5, ನೇತ್ರವೆಂದರೆ 2, ಚಂದ್ರನೆಂದರೆ 1. ಈ ನಾಲ್ಕು ಪದಗಳು ಇದೇ ಕ್ರಮದಲ್ಲಿ ಬಂದರೆ ಸಂಪ್ರದಾಯವರಿಯದವನು 8521 ಎಂದು ಓದಿ ಬೆರಗಾದಾನು. ಬಲ್ಲವನು ಏಕಸ್ಥಾನದಿಂದ ಮೊದಲುಮಾಡಿ ಶಕ 1258 ಎನ್ನುತ್ತಾನೆ, ಅದು ಕ್ರಿ. ಶ. 1336, ವಿಜಯನಗರದ ಸ್ಥಾಪನೆಗೆ ಪರಂಪರೆ ಹೇಳುವ ವರ್ಷ.

ಗಣಕಯಂತ್ರಗಳಲ್ಲಿಯೂ ಇಂಥವೇ ಎರಡು ಕುಲಗಳಿವೆ. ಸಂಖ್ಯೆಯೊಂದನ್ನು ಬೈಟುಗಳಾಗಿ ಒಡೆದಿಡುವಾಗ ಐ.ಬಿ.ಎಂ. ಸಂಸ್ಥೆಯ ಹಿರಿಯ ಯಂತ್ರಗಳು ದೊಡ್ಡ ಸ್ಥಾನದ ಬೈಟನ್ನು ಮುಂದಿಟ್ಟವು. ಇಂಟೆಲ್ ಚಿಕ್ಕದನ್ನು ಮುಂದಿಟ್ಟಿತು. ಒಂದು ಕುಲ ನಾಲ್ಕು ಬೈಟುಗಳಲ್ಲಿ ಬರೆದ 1 ಎಂಬುದನ್ನು ಇನ್ನೊಂದು ಹಾಗೆಯೇ ಓದಿದರೆ ಅದು 1,67,77,216 ಆಗುತ್ತದೆ!

ಯಂತ್ರ ಒಂಟಿಯಾಗಿ ದುಡಿಯುವವರೆಗೆ ಇದರಿಂದ ಬಾಧೆಯಿಲ್ಲ. ಹಲವು ಯಂತ್ರಗಳು ಒಂದೇ ಲೆಕ್ಕವನ್ನು ಹಂಚಿಕೊಂಡಾಗಲೇ ತೊಡಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತಷ್ಟೆ. ನೀರು ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ಬಂದೀತು? ಇಂಥ ಲೆಕ್ಕವನ್ನು ಹಂಚುವುದು ಸುಲಭ: ಹೊಸಪೇಟೆಯಿಂದ ಹಂಪಿಯವರೆಗಿನ ಹೊಳೆ ಒಂದು ಯಂತ್ರಕ್ಕೆ, ಅಲ್ಲಿಂದ ಕಂಪ್ಲಿಯ ಸೇತುವೆಯವರೆಗಿನದು ಇನ್ನೊಂದಕ್ಕೆ, ಸಂಡೂರಿನ ಗುಡ್ಡಗಳ ಮಳೆಯೂ ನಾರಿಹಳ್ಳವೂ ಮೂರನೆಯದಕ್ಕೆ. ಆದರೆ ಹೆಜ್ಜೆಹೆಜ್ಜೆಗೂ ಒಂದೊಂದು ಯಂತ್ರ ತನ್ನ ಗಡಿಯ ನೀರಿನ ಮಟ್ಟವನ್ನು ನೆರೆಯ ಯಂತ್ರಕ್ಕೆ ತಿಳಿಸಬೇಕು. ಆ ಸಂಖ್ಯೆ ತಿರುಗುಮುರುಗಾದರೆ ಕಂಪ್ಲಿಯ ಸೇತುವೆ ಲೆಕ್ಕದಲ್ಲಿ ಸುಮ್ಮನೆ ಮುಳುಗೀತು. ಇಲ್ಲವೆ, ನಿಜವಾಗಿ ಮುಳುಗುವ ದಿನ ಲೆಕ್ಕದಲ್ಲಿ ಮುಳುಗದೆ ಉಳಿದೀತು. ಎರಡನೆಯದೇ ನನಗೆ ಭಯಂಕರವಾಗಿ ಕಾಣುತ್ತದೆ.

ನಿಜಾಮರ ಕಾಲದಲ್ಲಿ ಕಂಪ್ಲಿಯಿಂದ ಹೊಳೆ ದಾಟಿದವನಿಗೆ ಹಾಲಿ ಸಿಕ್ಕಾ ರೂಪಾಯಿ ಬೇಕಾಗುತ್ತಿತ್ತು. ನಾಣ್ಯ ಬದಲಿಸಿಕೊಳ್ಳಲು ವಟ್ಟ ತೆರಬೇಕು. 1989ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಆರಂಭವಾದ ಪಿ.ವಿ.ಎಂ. ಎಂಬ ತಂತ್ರಾಂಶ ಇದೇ ಚಿನಿವಾರನ ಕೆಲಸ ಮಾಡಿತು: ಕಳುಹಿಸುವಾಗ ಸಾಮಾನ್ಯ ರೂಪಕ್ಕೆ, ಪಡೆದಾಗ ಸ್ವಂತ ರೂಪಕ್ಕೆ ತಿರುಗಿಸುವುದು. ಇಲ್ಲಿ ವಟ್ಟವೆಂದರೆ ಕಾಲ. 1994ರ ಎಂ.ಪಿ.ಐ. ನಿಬಂಧನೆಯೂ ಕಳುಹಿಸುವವನು ಬರಿಯ ಬೈಟುಗಳ ಎಣಿಕೆಯನ್ನಲ್ಲ, ಇದು ಪೂರ್ಣಾಂಕ, ಇದು ದಶಾಂಶ ಎಂದು ಜಾತಿಯನ್ನೂ ಹೇಳುವಂತೆ ಮಾಡಿತು. ಪ್ರತಿ ಬಗೆಯ ಯಂತ್ರಕ್ಕೂ ಅದೇ ಕ್ರಮವಿಧಿಯನ್ನು ಬೇರೆಬೇರೆಯಾಗಿ ಅನುವಾದಿಸಿಡುವ ಕೆಲಸವಂತೂ ತಪ್ಪದು.

ಇನ್ನೊಂದು ತೊಡಕು ಹೆಚ್ಚು ನಾಜೂಕಿನದು. ದಶಾಂಶದ ಕೊನೆಯ ಅಂಕಿಯನ್ನು ಎರಡು ಯಂತ್ರಗಳು ಕೂದಲೆಳೆಯಷ್ಟು ಭಿನ್ನವಾಗಿ ಮುಗಿಸಬಹುದು. “ಉತ್ತರ ಸಾಕಷ್ಟು ನಿಖರವಾಯಿತು, ನಿಲ್ಲಿಸೋಣ” ಎಂದು ಒಂದು ನಿಂತರೆ, “ಇನ್ನೊಂದು ಸುತ್ತು” ಎಂದುಕೊಂಡ ಇನ್ನೊಂದು ಅದರ ಸಂದೇಶಕ್ಕಾಗಿ ಕಾಯುತ್ತಲೇ ಕುಳಿತಿರುತ್ತದೆ. ಆದ್ದರಿಂದ ನಿಲ್ಲುವ ತೀರ್ಮಾನವನ್ನು ಒಂದೇ ಯಂತ್ರ ಮಾಡಿ ಉಳಿದವುಗಳಿಗೆ ಸಾರುವುದು ಲೇಸು.

ಇಂಟೆಲ್ಲೂ ಕೈಫೋನುಗಳ ಆರ್ಮ್ ಪ್ರೊಸೆಸರುಗಳೂ ಈಗ ಚಿಕ್ಕ ಬೈಟನ್ನೇ ಮುಂದಿಡುವುದರಿಂದ ಮೊದಲಿನ ಜಗಳ ಬಹುಮಟ್ಟಿಗೆ ತಣ್ಣಗಾಗಿದೆ. ಭೇದ ಮಾತ್ರ ಹೋಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ನೆಲೆಗೊಂಡ ‘ಸಹಸ್ರಟಿ’ಯಲ್ಲಿ ಇಂಟೆಲ್ ಪ್ರೊಸೆಸರುಗಳ ಜೊತೆಗೆ ಎನ್ವಿಡಿಯಾದವೂ ಇದ್ದವು. ಅಂಥಲ್ಲಿ ಹೊಳೆಯನ್ನು ಸಮಪಾಲು ಮಾಡಿದರೆ ವೇಗದ ಯಂತ್ರ ತನ್ನ ಗಾವುದವನ್ನು ಬೇಗನೆ ಮುಗಿಸಿ ನಿಧಾನದ ಯಂತ್ರದ ದಾರಿ ಕಾಯುತ್ತದೆ. ಅದರ ಪಾಲಿಗೆ ಹಂಪಿಯನ್ನೂ ದಾಟಿಸಿ ಇನ್ನಷ್ಟು ಹೊಳೆಯನ್ನು ಅಳೆದುಕೊಡಬೇಕು.